ನೀರು ದಾಟಿದ ಗಡಿ

ಬಾಲ್ಕನ್ ನಾಡಿನ ಪ್ರೆಸ್ಪಾ ಸರೋವರವನ್ನು ಗ್ರೀಸ್, ಅಲ್ಬೇನಿಯಾ ಹಾಗೂ ಉತ್ತರ ಮ್ಯಾಸಿಡೋನಿಯಾ ಹಂಚಿಕೊಂಡಿವೆ. ಪ್ರವಾಸಿಗರು ನೋಡಲೇಬೇಕಾದ ಸೋಜಿಗವೊಂದು ಇಲ್ಲಿದೆ. ಸರೋವರದ ನೀರು ಸುಣ್ಣಕಲ್ಲಿನ ಬೆಟ್ಟದೊಳಗೆ ಇಂಗಿ, ಸುಮಾರು 150 ಮೀಟರ್ ತಗ್ಗಿನಲ್ಲಿರುವ ಓಹ್ರಿಡ್ ಸರೋವರದ ದಡದಲ್ಲಿ, ಸಂತ ನೌಮ್ ಮಠದ ಬಳಿ ಬುಗ್ಗೆಯಾಗಿ ಉಕ್ಕುತ್ತದೆ.

ನೀರಿಗಿದ್ದ ದಾರಿ ಜನರಿಗಿರಲಿಲ್ಲ. 1949ರಲ್ಲಿ ಗ್ರೀಕ್ ಅಂತರ್ಯುದ್ಧ ಮುಗಿಯುವಷ್ಟರಲ್ಲಿ ಗ್ರೀಸ್ ಭಾಗದ ಹಲವು ಹಳ್ಳಿಗರು ಊರು ತೊರೆದಿದ್ದರು. ಕಮ್ಯುನಿಸ್ಟ್ ಆಡಳಿತದ ಅಲ್ಬೇನಿಯಾ ದಶಕಗಳ ಕಾಲ ಬಾಗಿಲು ಮುಚ್ಚಿಕೊಂಡಿತ್ತು.

2000ದಲ್ಲಿ ಮೂರೂ ದೇಶಗಳ ಪ್ರಧಾನಿಗಳು ಜಂಟಿ ಪ್ರೆಸ್ಪಾ ಉದ್ಯಾನವನ್ನು ಘೋಷಿಸಿದರು. ನೆರೆಯ ದೇಶದ ‘ಮ್ಯಾಸಿಡೋನಿಯಾ’ ಎಂಬ ಹೆಸರಿಗೆ ಗ್ರೀಸ್ ತೆಗೆದಿದ್ದ ತಕರಾರು 2018ರ ಜೂನ್ 17ರಂದು ಇದೇ ದಡದಲ್ಲಿ ಸಹಿಯಾದ ಒಪ್ಪಂದದಿಂದ ಬಗೆಹರಿಯಿತು. ಈಗ ಸರೋವರದ ಮಟ್ಟವೇ ಕುಸಿಯುತ್ತಿದೆ. ಅದನ್ನು ಉಳಿಸುವುದು ಯಾವುದೇ ಒಂದು ದೇಶದಿಂದಾಗುವ ಕೆಲಸವಲ್ಲ.