ಎಐಗೆ ಕಾಟಾ ಗೊತ್ತೈತೇನು? ನಮ್ಮ ಗಡಿಭಾಗದ ಚ್ಯಾಷ್ಟಿಯ ಇತಿಹಾಸ

ಇವತ್ತಿನ ಎಪಿಸೋಡ್ ಶುರುವಾಗೋದು ಚಿಕ್ಕೋಡಿಯ ಒಂದು ಚಹಾದಂಗಡಿಯಲ್ಲಿ.

2025ರ ಶುರುವಿನಲ್ಲಿ ಒಂದು ಸುದ್ದಿ ನಿಮ್ಮ ಫೋನಿಗೂ ಬಂದಿರುತ್ತೆ. ಬಾರಾಮತಿಯ ಅಗ್ರಿಕಲ್ಚರಲ್ ಡೆವಲಪ್‌ಮೆಂಟ್ ಟ್ರಸ್ಟ್‌ನವರು ಮೈಕ್ರೋಸಾಫ್ಟ್ ಜೊತೆ ಸೇರಿ ಎಐ ಬಳಸಿ ಕಬ್ಬು ಬೆಳೀತಿದಾರೆ ಅಂತ. ಮೇಲೆ ಉಪಗ್ರಹ, ಹೊಲದಲ್ಲಿ ಸೆನ್ಸರ್, ಯಾವಾಗ ನೀರು ಬಿಡಬೇಕು, ಎಷ್ಟು ಗೊಬ್ಬರ ಹಾಕಬೇಕು ಅಂತ ರೈತನ ಮೊಬೈಲಿಗೆ ಮೆಸೇಜ್. ಸತ್ಯ ನಾದೆಲ್ಲಾ ಅವರೇ ಇದರ ಬಗ್ಗೆ ಮಾತಾಡಿದ್ರು. ಬಾರಾಮತಿ ಅಂದ್ರೆ ನಮಗೇನು ದೂರದ ದೇಶ ಅಲ್ಲ. ನಾನು ಭಾಳ ಹುರುಪಿನಿಂದ ಆ ಸುದ್ದಿನ ಅಂಗಡಿಯಲ್ಲಿ ಓದಿ ಹೇಳಿದೆ.

ಬೆಂಚಿನ ಮೇಲೆ ಕೂತಿದ್ದ ಒಬ್ಬ ಕಾಕಾ ಬಸಿಯಲ್ಲಿದ್ದ ಚಹಾ ಮುಗಿಸಿ ಅಂದ್ರು: "ತಮ್ಮಾ, ಕಬ್ಬ ಬೆಳ್ಯಾಕ ನಮಗ ಬರ್ತೈತಿ. ಫ್ಯಾಕ್ಟರಿ ಕಾಟಾದಾಗ ಅದು ಎಷ್ಟ ತೂಗ್ತೈತಿ, ಅದನ್ನ ಹೇಳೂ ಎಐ ಬಂದ್ರ ಹೇಳು."

ಇನ್ನೊಬ್ಬರು: "ಬಿಲ್ಲ ಯಾವಾಗ ಬರ್ತೈತಿ ಅಂತ ಕೇಳ್ರಿ ಅದಕ. ಅದೂ ಹ್ಯಾಂಗ್ ಆಗ್ತೈತಿ."

ಮೂರನೆಯವರು: "ರಾತ್ರಿ ಎರಡಕ್ಕ ಕರೆಂಟ್ ಬಂದಾಗ ನೀರ ಹಾಯ್ಸಾಕ ಅದನ್ನ ಕಳಸ್ರಿ. ಹಾವು ಕಡದ್ರೂ ಸಾಯೂದಿಲ್ಲಲ್ಲಾ."

ಅಂಗಡಿ ತುಂಬ ನಗು. ನಾನೂ ನಕ್ಕೆ. ಆದ್ರೆ ಬೈಕ್ ಹತ್ತಿ ಮನೆಗೆ ಬರುವಾಗ ತಲೆಯಲ್ಲಿ ಒಂದು ವಿಷಯ ಕೊರೀತಿತ್ತು. ಈ ಮೂರು ಮಾತಲ್ಲಿ ಒಂದೂ ಎಐ ಸುಳ್ಳು ಅಂತ ಹೇಳಲಿಲ್ಲ. ಒಂದು ತೂಕದ ಬಗ್ಗೆ, ಒಂದು ದುಡ್ಡಿನ ಬಗ್ಗೆ, ಒಂದು ಜೀವದ ಬಗ್ಗೆ. ಕಬ್ಬು ನಿಯಂತ್ರಣ ಆದೇಶ ಬಂದಿದ್ದು 1966ರಲ್ಲಿ. ಕಬ್ಬು ಕೊಟ್ಟ 14 ದಿನದಲ್ಲಿ ರೈತನಿಗೆ ದುಡ್ಡು ಕೊಡಬೇಕು ಅನ್ನೋದು ನಿಯಮ. ಆದ್ರೂ 'ಬಿಲ್ಲು ಯಾವಾಗ' ಅನ್ನೋದು ಇವತ್ತಿಗೂ ಜೋಕ್ ಆಗಿ ನಡೀತಿದೆ ಅಂದ್ರೆ, ಅದು ಬರೀ ಜೋಕ್ ಅಲ್ಲ.

ಹೊಸ ಯಂತ್ರದ ಸುದ್ದಿ ಬಂದಾಗ ಹೀಗೆ ಚ್ಯಾಷ್ಟಿ ಮಾಡೋದು ನಮ್ಮ ಭಾಗದಲ್ಲಿ ವಾಟ್ಸಾಪ್ ಬಂದ ಮೇಲೆ ಶುರುವಾಗಿದ್ದಲ್ಲ. ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗೋಣ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ನಮ್ಮದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂಬೈಗೆ ಚಿತ್ರಕಲೆ ಕಲಿಯೋಕೆ ಹೋದ್ರು. ಬಣ್ಣ ಗುರುತಿಸೋದ್ರಲ್ಲಿ ಕಣ್ಣಿನ ದೋಷ ಇದ್ದಿದ್ದರಿಂದ ಅದು ಅರ್ಧಕ್ಕೇ ನಿಂತು, ಯಂತ್ರಗಳ ಕಡೆ ಹೊರಳಿದ್ರು. ಅಲ್ಲಿನ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಾಠ ಹೇಳಿದ್ರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಶುರುವಾಯ್ತು. ಇವರು ಮುಂಬೈಯಿಂದ ಸೈಕಲ್ ಕಳಿಸೋದು, ಅಣ್ಣ ಬೆಳಗಾವಿಯಲ್ಲಿ ಮಾರೋದು, ಕೊಂಡವರಿಗೆ ಹೊಡೆಯೋಕೂ ಕಲಿಸೋದು. ಆಮೇಲೆ ದನದ ಮೇವು ಕತ್ತರಿಸೋ ಯಂತ್ರ. ಅದಾದ ಮೇಲೆ ಕಬ್ಬಿಣದ ನೇಗಿಲು.

ಇಲ್ಲಿ ಕಥೆ ಸಿಕ್ಕಿಹಾಕ್ಕೊಳ್ತು. ರೈತರು ನೇಗಿಲು ನೋಡಿದ್ರು, ತಗೊಳ್ಳಲಿಲ್ಲ. "ಕಬ್ಬಿಣ ಭೂಮಿಗೆ ವಿಷ" ಅಂದ್ರು. ಮೊದಲ ನೇಗಿಲು ಮಾರೋಕೆ ಎರಡು ವರ್ಷ ಹಿಡೀತು ಅನ್ನೋದು ಕಿರ್ಲೋಸ್ಕರ್ ಚರಿತ್ರೆ ಹೇಳೋರೆಲ್ಲ ಹೇಳೋ ಮಾತು. ಉದ್ಯಮಿಗಳ ಜೀವನಕಥೆಗಳಲ್ಲಿ ಈ ಪ್ರಸಂಗ ಒಂದೇ ರೀತಿ ಬರುತ್ತೆ: ಅಜ್ಞಾನಿ ರೈತರು, ಮೂಢನಂಬಿಕೆ, ಛಲ ಬಿಡದ ಉದ್ಯಮಿ. ನಾನು ಬಿ.ಕಾಂ. ಓದುವಾಗಲೂ ಇದನ್ನ ಹಾಗೇ ನಂಬಿದ್ದೆ.

ಆದ್ರೆ ಸ್ವಲ್ಪ ನಿಂತು ಯೋಚನೆ ಮಾಡಿ. ನಮ್ಮ ಹಳೆ ಕಟ್ಟಿಗೆ ನೇಗಿಲಿನ ತುದಿಗೆ ಇರ್ತಿದ್ದಿದ್ದು ಏನು? ಕುಳ. ಕುಳ ಯಾವುದರದು? ಕಬ್ಬಿಣದ್ದು! ಕಂಬಾರ ಬಡಿದು ಕೊಟ್ಟ ಕಬ್ಬಿಣವನ್ನೇ ತಲೆತಲಾಂತರದಿಂದ ಭೂಮಿಗೆ ಇಳಿಸ್ತಾ ಬಂದವರು, ಕಬ್ಬಿಣ ವಿಷ ಅಂತ ಮನಸಾರೆ ನಂಬಿದ್ರಾ? ನನಗೆ ಅನುಮಾನ.

ನಾನು ಇದನ್ನ ಖರ್ಚು-ವೆಚ್ಚದ ಲೆಕ್ಕದಲ್ಲಿ ನೋಡ್ತೀನಿ. ಕಟ್ಟಿಗೆ ನೇಗಿಲಿಗೆ ಜಾಲಿ ಮರ ಬದುವಿನಲ್ಲೇ ಇತ್ತು. ಮಾಡಿಕೊಡೋ ಬಡಿಗೇರನಿಗೆ ರೊಕ್ಕ ಕೊಡಬೇಕಿರಲಿಲ್ಲ, ಸುಗ್ಗಿಯಲ್ಲಿ ಆಯ ಅಂತ ಜೋಳ ಅಳೆದು ಕೊಟ್ಟರೆ ಆಯ್ತು. ಮುರಿದರೆ ಊರಲ್ಲೇ ರಿಪೇರಿ. ಕಬ್ಬಿಣದ ನೇಗಿಲಿಗೆ ಕೈಯಲ್ಲಿ ನಗದು ಬೇಕು. ಅದು ಆಳಕ್ಕೆ ಹೋಗೋದ್ರಿಂದ ಎರಿಹೊಲದಲ್ಲಿ ಎಳೆಯೋಕೆ ಹೆಚ್ಚು ಎತ್ತು ಬೇಕು. ಬಿತ್ತನೆ ಹೊತ್ತಲ್ಲಿ ಕುಳ ಮುರಿದರೆ ಬೆಳಗಾವಿಗೆ ಯಾರು ಹೋಗಬೇಕು? ಅಷ್ಟರಲ್ಲಿ ಹದ ಹೋದರೆ ಆ ವರ್ಷದ ಜೋಳ ಯಾರು ಕೊಡ್ತಾರೆ?

ಇಷ್ಟೆಲ್ಲ ಪೇಟೆಯ ಒಬ್ಬ ಸಾಹುಕಾರನ ಮುಂದೆ ಹೇಳೋ ಬದಲು, "ಕಬ್ಬಿಣ ವಿಷ ರೀ, ಬ್ಯಾಡ" ಅಂದ್ರೆ ಮಾತು ಮುಗೀತು. ಚಹಾದಂಗಡಿ ಕಾಕಾ ಮಾಡಿದ್ದೂ ಇದನ್ನೇ ತಾನೆ?

ಹಾಗಂತ ರೈತರು ಸರಿ, ಕಿರ್ಲೋಸ್ಕರ್ ತಪ್ಪು ಅಂತಲ್ಲ. ಎರಿ ಭೂಮಿಯಲ್ಲಿ ಕರಕಿ ಹುಲ್ಲು ಹೊಕ್ಕಿದರೆ ಏನಾಗುತ್ತೆ ಅಂತ ಅಥಣಿ, ಕಾಗವಾಡ ಕಡೆಯವರಿಗೆ ಹೇಳಬೇಕಾಗಿಲ್ಲ. ಕಟ್ಟಿಗೆ ನೇಗಿಲು ಮಣ್ಣನ್ನ ಗೀರುತ್ತೆ. ಕಬ್ಬಿಣದ ನೇಗಿಲು ಮಣ್ಣನ್ನ ಬುಡಮೇಲು ಮಾಡಿ ಬೇರನ್ನ ಬಿಸಿಲಿಗೆ ಹಾಕುತ್ತೆ. ಕೆಲಸ ನಿಜವಾಗಿಯೂ ಚೆನ್ನಾಗಿತ್ತು.

ಮುಂದೆ ಬೆಳಗಾವಿಯ ಜಾಗ ಕೈತಪ್ಪಿತು. ಔಂಧ್ ಸಂಸ್ಥಾನದ ರಾಜರು ಕುಂಡಲ್ ಹತ್ತಿರ ಕಳ್ಳಿ ಬೆಳೆದ 32 ಎಕರೆ ಭೂಮಿ, 10,000 ರೂಪಾಯಿ ಬಡ್ಡಿಯಿಲ್ಲದ ಸಾಲ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಶುರುವಾಯ್ತು. ನಮ್ಮ ಕಾಗವಾಡದಿಂದ ಮಿರಜ್ ದಾಟಿ ಪುಣೆ ರೈಲು ಮಾರ್ಗದಲ್ಲಿ ಹೋದರೆ ಸಿಗುತ್ತೆ. ರೈಲಿನ ಪಕ್ಕದಲ್ಲಿ ಕಾರ್ಖಾನೆ ಅಂದ್ರೆ ನೇಗಿಲೂ ಬರುತ್ತೆ, ಅದರ ಬಿಡಿಭಾಗವೂ ಬರುತ್ತೆ. 1920ರಲ್ಲಿ 'ಕಿರ್ಲೋಸ್ಕರ್ ಖಬರ್' ಅಂತ ಮರಾಠಿಯಲ್ಲಿ ಪತ್ರಿಕೆಯನ್ನೇ ತೆಗೆದ್ರು. ಅಂದ್ರೆ ನೇಗಿಲಿನ ಜೊತೆ ಮಾಹಿತಿಯನ್ನೂ ಕೊಡಬೇಕು ಅಂತ ಕಂಪನಿಗೇ ಅರ್ಥ ಆಗಿತ್ತು. ಮುಂದೆ ಇವರ ಪಂಪುಗಳೂ ಬಂದವು. 1939ರಲ್ಲಿ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆ ಆಯ್ತು. ಪಂಪು ಎತ್ತಿದ ಹೊಳೆ ನೀರು, ಆಳ ನೇಗಿಲು, ಕಾರ್ಖಾನೆ, ಇವೆಲ್ಲ ಕೂಡಿದ ಮೇಲೇ ಇವತ್ತು ನೀವು ನೋಡೋ ಕಬ್ಬಿನ ಸೀಮೆ. 'ವಿಷ' ಅಂದಿದ್ದ ಅದೇ ಕಬ್ಬಿಣ ಮನೆಮಾತಾಯ್ತು. ನಮ್ಮ ಅಜ್ಜ 'ಕಿರ್ಲೋಸ್ಕರ ರಂಟಿ' ಅಂತಾನೇ ಅಂತಿದ್ದ.

ಅಜ್ಜ ಅಂದೆನಲ್ಲ, ಈಗ ಅವನ ಕಥೆಗೆ ಬರೋಣ. 1979.

ಅಮೆರಿಕದ ನಾಸಾ 1973ರಲ್ಲಿ ಸ್ಕೈಲ್ಯಾಬ್ ಅಂತ ಬಾಹ್ಯಾಕಾಶ ನಿಲ್ದಾಣ ಹಾರಿಸಿತ್ತು. ಸುಮಾರು 77 ಟನ್ ತೂಕ. ಆರು ವರ್ಷದ ಮೇಲೆ ಅದು ಕೆಳಗೆ ಬೀಳೋದು ಖಚಿತ ಆಯ್ತು, ಎಲ್ಲಿ ಬೀಳುತ್ತೆ ಅನ್ನೋದು ಯಾರಿಗೂ ಖಚಿತ ಇರಲಿಲ್ಲ. ಭೂಮಿ ಮೇಲೆ ಯಾರಾದ್ರೂ ಒಬ್ಬರಿಗೆ ತಗಲೋ ಸಾಧ್ಯತೆ 152ರಲ್ಲಿ ಒಂದು ಅಂತ ನಾಸಾ ಹೇಳಿತ್ತು. ಒಬ್ಬ ನಿರ್ದಿಷ್ಟ ಮನುಷ್ಯನಿಗೆ, ಅಂದ್ರೆ ನಿಮಗೋ ನನಗೋ, ತಗಲೋ ಸಾಧ್ಯತೆ 60,000 ಕೋಟಿಯಲ್ಲಿ ಒಂದು. ಈ ಎರಡನೇ ಅಂಕಿ ರಾಯಬಾಗ ತಾಲ್ಲೂಕಿನ ಹೊಳಿ ದಂಡೆಯ ನಮ್ಮ ಊರಿಗೆ ಬಂದು ಮುಟ್ಟಲೇ ಇಲ್ಲ. ಮುಟ್ಟಿದ್ದು ಬರೀ "ಬೀಳ್ತೈತಿ".

ದೇಶದ ಎಷ್ಟೋ ಊರಲ್ಲಿ ಜನ ಕೋಳಿ, ಕುರಿ ಕೊಯ್ದು ತಿಂದ್ರು, ಕೂಡಿಟ್ಟಿದ್ದು ಖರ್ಚು ಮಾಡಿದ್ರು. ನಮ್ಮ ಅಜ್ಜ ಒಂದು ಹಾಲು ಕೊಡೋ ಎಮ್ಮಿ ಮಾರಿದ. ಸಿಕ್ಕಷ್ಟಕ್ಕೆ. "ಹೆಂಗೂ ಸಾಯೂದೈತಿ, ಮಕ್ಕಳಿಗೆ ಹೊಟ್ಟಿ ತುಂಬ ಉಣಸೂಣು" ಅಂತ. ಜುಲೈ 11ಕ್ಕೆ ಸ್ಕೈಲ್ಯಾಬ್ ಹಿಂದೂ ಮಹಾಸಾಗರದಲ್ಲೂ ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಊರಿನ ಸುತ್ತಮುತ್ತಲೂ ಬಿತ್ತು. ಎಸ್ಪೆರೆನ್ಸ್ ಆಡಳಿತದವರು ಕಸ ಚೆಲ್ಲಿದ್ದಕ್ಕೆ ನಾಸಾಗೆ 400 ಡಾಲರ್ ದಂಡ ಹಾಕಿದ್ರಂತೆ! ಚ್ಯಾಷ್ಟಿ ನಮಗಷ್ಟೇ ಬರುತ್ತೆ ಅಂತ ತಿಳಿಬೇಡಿ.

ಎಸ್ಪೆರೆನ್ಸ್‌ನವರು ದಂಡ ಹಾಕಿದ್ರು. ಅಜ್ಜ ಎಮ್ಮಿ ದುಡ್ಡು ಯಾರಿಗೆ ಕೇಳಬೇಕು? ಅವತ್ತಿನಿಂದ ವಿಜ್ಞಾನದ ಯಾವ ಸುದ್ದಿ ಬಂದ್ರೂ ಅವನ ಉತ್ತರ ಒಂದೇ: "ಹಾಂ, ಸ್ಕೈಲ್ಯಾಬ್."

ಅವನ ಅನುಮಾನಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಕೃಷ್ಣೆಗೆ ಕರಾಡದಲ್ಲಿ ಕೊಯ್ನಾ ಸೇರುತ್ತೆ. ಕೊಯ್ನಾ ಅಣೆಕಟ್ಟು ಕಟ್ಟೋ ಕಾಲಕ್ಕೆ ದಖ್ಖನ್ ಪ್ರಸ್ಥಭೂಮಿ ಗಟ್ಟಿ ನೆಲ, ಇಲ್ಲಿ ದೊಡ್ಡ ಭೂಕಂಪದ ಭಯ ಇಲ್ಲ ಅನ್ನೋ ನಂಬಿಕೆ ತಜ್ಞರಲ್ಲೇ ಇತ್ತು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಅಲ್ಲಿ ಭೂಮಿ ನಡುಗಿ ಸುಮಾರು 180 ಜನ ಸತ್ತರು. ಜಲಾಶಯದ ನೀರೇ ಭೂಕಂಪಕ್ಕೆ ಕುಮ್ಮಕ್ಕು ಕೊಡಬಹುದು ಅನ್ನೋದಕ್ಕೆ ಇವತ್ತು ಜಗತ್ತಿನ ಎಲ್ಲ ಕಡೆ ಕೊಯ್ನಾ ಉದಾಹರಣೆ ಕೊಡ್ತಾರೆ. ಅಂದ್ರೆ ತಜ್ಞರ ಮಾತೂ ಕೆಲವೊಮ್ಮೆ ತಪ್ಪಿದೆ. ಅನುಮಾನ ಪಡೋದು ತಪ್ಪಲ್ಲ.

ಈಗ ಕಷ್ಟದ ಭಾಗ. 2019, ಆಗಸ್ಟ್ ಮೊದಲ ವಾರ.

ಮೊಬೈಲಿಗೆ ದಿನಕ್ಕೆ ಹತ್ತು ಸಲ ಮೆಸೇಜ್. ಕೊಯ್ನಾದಿಂದ ಇಷ್ಟು ಕ್ಯೂಸೆಕ್, ರಾಜಾಪುರ ಬ್ಯಾರೇಜ್‌ನಿಂದ ಇಷ್ಟು ಕ್ಯೂಸೆಕ್. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಲಕ್ಷ ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 28 ಲಕ್ಷ ಲೀಟರ್. ಇದು ನನಗೆ ಆಗ ಗೊತ್ತಿರಲಿಲ್ಲ. ಅಜ್ಜನಿಗಂತೂ ಹೊಳಿ ಅಳತೆ ಅಂದ್ರೆ ಗುಡಿ ಮೆಟ್ಟಿಲು. "ಎಷ್ಟನೇ ಮೆಟ್ಟಲಕ್ಕ ಬರ್ತೈತಿ ಹೇಳು, ಕ್ಯೂಸೆಕ್ ನನಗ ಬ್ಯಾಡ" ಅಂದ. ಹೇಳೋಕೆ ನನಗೆ ಬರಲಿಲ್ಲ. "ಹಾಂ, ಸ್ಕೈಲ್ಯಾಬ್" ಅಂದ. ನಾನು ಅದನ್ನೇ ಸ್ಟೇಟಸ್ ಇಟ್ಟೆ. ಕೆಳಗೆ ಎರಡು ನಗೋ ಇಮೋಜಿ. ಗೆಳೆಯರು ಅದನ್ನ ಫಾರ್ವರ್ಡ್ ಮಾಡಿದ್ರು.

ಆ ವಾರ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆ ಹೆದ್ದಾರಿ ಮೇಲೆ ಹರಿದು ಪುಣೆ-ಬೆಂಗಳೂರು ರಸ್ತೆ ಬಂದ್ ಆಯ್ತು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಳಿ ದಂಡೆಯ ಊರುಗಳಿಗೆ ನೀರು ಹೊಕ್ಕಿತು. ನಮ್ಮ ಮನೆಯವರು ಕೊನೇ ಗಳಿಗೆಯಲ್ಲಿ ಟ್ರ್ಯಾಕ್ಟರ್ ಹತ್ತಿ ಹೊರಬಂದ್ರು. ದನದ ಮನೆಯಲ್ಲಿ ಎರಡು ಎಮ್ಮಿ ಇದ್ವು. ಒಂದರ ಹಗ್ಗ ಬಿಚ್ಚೋಕೆ ಆಯ್ತು, ಇನ್ನೊಂದರದು ಆಗಲಿಲ್ಲ.

ಶಾಲೆಯಲ್ಲಿ ಹಾಕಿದ್ದ ಗಂಜಿ ಕೇಂದ್ರದಲ್ಲಿ ಅಜ್ಜ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಅಂದ: "ಒಂದ ಎಮ್ಮಿ ನಂಬಿ ಕಳಕೊಂಡ್ಯಾ, ಒಂದ ನಂಬದ ಕಳಕೊಂಡ್ಯಾ." ನಾನು ಆ ಸ್ಟೇಟಸ್ ಬಗ್ಗೆ ಅವನಿಗೆ ಹೇಳಲೇ ಇಲ್ಲ. ಅವನು ಹೋಗಿ ಮೂರು ವರ್ಷ ಆಯ್ತು. ಇವತ್ತು ನಿಮ್ಮ ಮುಂದೆ ಹೇಳ್ತಿದೀನಿ.

ಹಾಗಾದ್ರೆ ನಗಬಾರದಾ? ನಗಬೇಕು. ನನ್ನ ತಪ್ಪು ನಕ್ಕಿದ್ದಲ್ಲ. ಅಜ್ಜನ ಮಾತಲ್ಲಿ ಒಂದು ಪ್ರಶ್ನೆ ಇತ್ತು, 'ಎಷ್ಟನೇ ಮೆಟ್ಟಿಲು' ಅಂತ. ನಾನು ನಗು ಇಟ್ಟುಕೊಂಡು ಪ್ರಶ್ನೆ ಬಿಟ್ಟೆ. 2005ರಲ್ಲೂ ಹೊಳಿ ಬಂದಿತ್ತು. ಆಗ ಎಷ್ಟು ಕ್ಯೂಸೆಕ್ಕಿಗೆ ಎಷ್ಟನೇ ಮೆಟ್ಟಿಲು ಮುಳುಗಿತ್ತು ಅಂತ ಯಾರಿಗಾದ್ರೂ ಒಂದು ಫೋನ್ ಮಾಡಿ ಕೇಳಬಹುದಿತ್ತು. ನನ್ನ ಫೋನಿನಲ್ಲಿ ಚಾರ್ಜೂ ಇತ್ತು, ನೆಟ್ಟೂ ಇತ್ತು. ಸುದ್ದಿ ಕೊಡೋರಿಗೂ ಇದೇ ಮಾತು. ಕ್ಯೂಸೆಕ್ ಹೇಳಿದ ಮೇಲೆ ಮೆಟ್ಟಿಲೂ ಹೇಳಿ.

ಮತ್ತೆ ಎಐ ಕಬ್ಬಿಗೆ ಬರೋಣ. 2025ರ ನವೆಂಬರ್‌ನಲ್ಲಿ ಪಕ್ಕದ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ರೈತರು ಹಗಲು ರಾತ್ರಿ ರಸ್ತೆಯಲ್ಲಿ ಕೂತರು. ಕೊನೆಗೆ 3,300ಕ್ಕೆ ಬಂದು ನಿಂತಿತು. ಆ ವರ್ಷದ ಶುರುವಿಗೆ ಎಐ ಸುದ್ದಿ, ಕೊನೆಗೆ ಈ ಸುದ್ದಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕಾಕಾನ ಮಾತು ಜೋಕ್ ಥರ ಕೇಳಿಸೋದಿಲ್ಲ. ಇಳುವರಿ ಹೆಚ್ಚಾದ್ರೆ ಲಾಭ ಯಾರ ಖಾತೆಗೆ? ಸೆನ್ಸರ್ ಕೆಟ್ಟರೆ ರಿಪೇರಿ ಯಾರದು? ಹೊಲದ ತೇವ ಅಳೆಯೋ ಜಾಣತನ ಕಾಟಾ ಮೇಲೂ ಕೂರುತ್ತಾ? ಎಐ ಮಾರೋಕೆ ಬರೋರು ಇದಕ್ಕೆ ಉತ್ತರ ತಂದರೆ, ಮೊದಲು ಕೊಳ್ಳೋರು ಆ ಬೆಂಚಿನ ಮೇಲಿನ ಮೂವರೇ ಆಗಿರ್ತಾರೆ. ಕಬ್ಬಿಣದ ನೇಗಿಲಿನ ವಿಷಯದಲ್ಲೂ ಹಾಗೇ ಆಗಿತ್ತು.

ನಿಮ್ಮ ಮನೆಯಲ್ಲೂ ಒಬ್ಬ ಅಜ್ಜ, ಒಬ್ಬ ಆಯಿ ಇರ್ತಾರೆ. ಹೊಸ ಸುದ್ದಿ ಕೇಳಿ ಅವರು ಏನಂದ್ರು ಅಂತ ವಾಯ್ಸ್ ನೋಟ್ ಕಳಿಸಿ. ನಕ್ಕು ಮುಗಿದ ಮೇಲೆ ಅವರು ಕೇಳಿದ್ದು ಏನು ಅಂತ ಇನ್ನೊಂದು ಸಲ ಕೇಳಿ ನೋಡಿ. ಮಳೆಗಾಲ ಬರ್ತಿದೆ. ಹೊಳಿ ದಂಡೆಯಲ್ಲಿ ಇರೋರು ನಿಮ್ಮೂರ ಗುಡಿಯ ಮೆಟ್ಟಿಲು ಎಷ್ಟಿವೆ ಅಂತ ಎಣಿಸಿ ಇಟ್ಟುಕೊಳ್ಳಿ.

ಮುಂದಿನ ಎಪಿಸೋಡಿನಲ್ಲಿ ಸಿಗೋಣ.