ಕಡಲ ಪಕ್ಕದ ಮರದ ಮನೆ: ಬಿಚ್ಚಿ ಮತ್ತೆ ಕಟ್ಟೋ ವಿದ್ಯೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆಯವರಿಗೆ ಹಳೇ ಮನೆ ಅಂದ್ರೆ ನೆನಪಾಗೋದು ಕಲ್ಲು ಚಪ್ಪಡಿ, ಮಣ್ಣಿನ ಗೋಡೆ, ಚಪ್ಪಟೆ ಮಾಳಿಗೆ. ನಮ್ಮಲ್ಲಿ ವರ್ಷಕ್ಕೆ ಬೀಳೋ ಮಳೆ ಸುಮಾರು 700-800 ಮಿಲಿಮೀಟರ್. ಮಣ್ಣಿನ ಮಾಳಿಗೆ ಅದನ್ನ ತಡ್ಕೊಳ್ಳುತ್ತೆ. ಮಂಗಳೂರು, ಉಡುಪಿ ಕಡೆ 3,500 ಮಿಲಿಮೀಟರ್‌ಗೂ ಹೆಚ್ಚು. ಜೊತೆಗೆ ಉಪ್ಪು ಗಾಳಿ, ಗೆದ್ದಲು. ಅಂಥ ಜಾಗದಲ್ಲಿ ಮರದ ಮನೆಗಳು ಹೇಗೆ ಉಳಿದ್ವು? ಇವತ್ತು ಕಡಲ ಹತ್ತಿರ ಹೊಸದಾಗಿ ಮರದ ಮನೆ ಡಿಸೈನ್ ಮಾಡೋರೂ ಇಲ್ಲಿಂದಲೇ ಶುರು ಮಾಡಬೇಕು.

ಮೊದಲು ಮೂಡುಬಿದಿರೆಗೆ ಹೋಗೋಣ. 1430ರ ಸುಮಾರಿಗೆ ಕಟ್ಟಿದ ಸಾವಿರ ಕಂಬದ ಬಸದಿಯಲ್ಲಿ ಕೆಳಗಿನ ಅಂತಸ್ತು ಕಲ್ಲು, ಮೇಲೆ ಮರದ ಕೆಲಸ, ಇಳಿಜಾರು ಮಾಡು. ಲೆಕ್ಕ ಸರಳ: ನೀರು ತಾಗೋ ಕಡೆ ಕಲ್ಲು, ನೀರಿಂದ ದೂರ ಇರೋ ಕಡೆ ಮರ. ಕರಾವಳಿಯ ಮನೆಗಳದ್ದೂ ಇದೇ ಸೂತ್ರ. ಕೆಳಗೆ ಎತ್ತರದ ಮುರಕಲ್ಲಿನ ಪಾಯ, ಮೇಲೆ ಗೋಡೆ ದಾಟಿ ಮುಂದಕ್ಕೆ ಚಾಚಿದ ಸೂರು. ನಡುವೆ ಹಲಸು, ತೇಗದ ಕಂಬ, ಗಾಳಿ ಆಡೋ ಜಗಲಿ. ನೆನೆದ ಮರ ಬೇಗ ಒಣಗಿದ್ರೆ ಕೊಳೆಯಲ್ಲ.

ಮುಂಚೆ ಎಷ್ಟೋ ಮನೆಗಳ ಮೇಲೆ ಮುಳಿಹುಲ್ಲಿನ ಹೊದಿಕೆ ಇರ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ಒಂದಕ್ಕೊಂದು ಕಚ್ಚಿಕೊಳ್ಳೋ ಆ ಹೆಂಚು ಘಟ್ಟ ಹತ್ತಿ ಬಯಲುಸೀಮೆಗೂ ಬಂತು. ನಮ್ಮ ನಂದಿ ಹಾಲ್ಟ್ ರೈಲ್ವೆ ಸ್ಟೇಷನ್‌ನ ಮಾಡು ನೋಡಿ, ಗೊತ್ತಾಗುತ್ತೆ.

ಇನ್ನೊಂದು ಗುಟ್ಟು ಜೋಡಣೆಯಲ್ಲಿದೆ. ಉಪ್ಪು ಗಾಳಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತೆ. ಹಳೇ ಬಡಗಿಗಳು ಮರಕ್ಕೆ ಮರವನ್ನೇ ಕಚ್ಚಿಸಿ, ಮರದ ಬೆಣೆ ಹೊಡೀತಿದ್ರು. ಹಂಗಾಗಿ ಮನೆಯನ್ನ ಬಿಚ್ಚಬಹುದಿತ್ತು. ಇದನ್ನ ಕಣ್ಣಾರೆ ತೋರಿಸಿದವರು ಮಣಿಪಾಲದ ವಿಜಯನಾಥ ಶೆಣೈ. ಕೆಡವೋಕೆ ಸಿದ್ಧವಾಗಿದ್ದ ಹಳೇ ಮನೆಗಳನ್ನ ತುಂಡು ತುಂಡಾಗಿ ಬಿಚ್ಚಿಸಿ, ತಂದು, ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಮತ್ತೆ ನಿಲ್ಲಿಸಿದ್ರು. ಕುಂಜೂರು ಚೌಕಿಮನೆ, ಹರ್ಕೂರು ಮನೆ ಅಲ್ಲಿವೆ. ಕಾಂಕ್ರೀಟ್ ಮನೆಯನ್ನ ಹೀಗೆ ಬಿಚ್ಚಿ ಜೋಡಿಸೋಕೆ ಆಗುತ್ತಾ?

ಹೊರಗೆ ಹಲಗೆ ಅಂಟಿಸಿದ ಮಾತ್ರಕ್ಕೆ ಅದು ಮರದ ಮನೆ ಆಗಲ್ಲ. ಎತ್ತರದ ಪಾಯ, ಅಗಲದ ಸೂರು, ಬಿಚ್ಚೋಕೆ ಬರೋ ಜೋಡಣೆ, ಈ ಮೂರು ಇದ್ರೆ ಇವತ್ತಿನ ಡಿಸೈನ್ ಎಷ್ಟೇ ಮಾಡರ್ನ್ ಆಗಿದ್ರೂ ಮಳೆಗಾಲ ತಡೆಯುತ್ತೆ. ಸೈಟ್ ತಗೊಳ್ಳೋ ಮುಂಚೆ ಇನ್ನೊಂದು ಮಾತು: ಕಡಲ ಅಂಚಲ್ಲಿ ಎಲ್ಲಿ ಬೇಕಾದ್ರೂ ಕಟ್ಟೋ ಹಾಗಿಲ್ಲ. 1991ರಿಂದಲೂ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ.

ನಮ್ಮೂರುಗಳಲ್ಲೂ ಹಳೇ ಕಂಬ, ತೊಲೆ, ಬಾಗಿಲು ಇರೋ ಮನೆಗಳಿವೆ. ನಿಮ್ಮ ಅಜ್ಜಿ ಮನೆ ಕೆಡವೋ ಮಾತು ಬಂದ್ರೆ, ಜೆಸಿಬಿ ಕರೆಸೋ ಮುಂಚೆ ಒಬ್ಬ ಹಳೇ ಬಡಗಿಯನ್ನ ಕರೆಸಿ ತೋರಿಸಿ. ಫೋಟೋ ತೆಗೀರಿ, ಅಳತೆ ಬರ್ಕೊಳ್ಳಿ. ಆ ತೊಲೆ ಇನ್ನೊಂದು ಮನೆಗೆ ಆಗಬಹುದು.

ಮುಂದಿನ ಸಂಚಿಕೆಯಲ್ಲಿ ಸಿಗೋಣ.