ಹಗ್ಗದ ಮೇಲಿನ ಅಂಗಿ ಯಾರದು?

ಹಾಸ್ಟೆಲಿನಲ್ಲಿ ಓದಿದವರಲ್ಲಿ ಒಂದಾದರೂ ಅಂಗಿಯನ್ನು ಕಳೆದುಕೊಳ್ಳದವರು ವಿರಳ. ಬೆಳಿಗ್ಗೆ ಒಗೆದು ತಾರಸಿಯ ಹಗ್ಗದ ಮೇಲೆ ಹರವಿದ ಬಟ್ಟೆ ಸಂಜೆ ತೆಗೆಯಲು ಹೋದಾಗ ಇರುವುದಿಲ್ಲ. ಉಳಿದಿರುವುದು ಕ್ಲಿಪ್ಪು ಮಾತ್ರ. ಕೆಲವೊಮ್ಮೆ ಅದೂ ಇಲ್ಲ. ವಾರ್ಡನ್‌ಗೆ ದೂರು ಕೊಟ್ಟರೆ, ‘ನಿಮ್ಮ ಬಟ್ಟೆ ನೀವೇ ನೋಡಿಕೊಳ್ಳಬೇಕಪ್ಪ’ ಎಂಬ ಉತ್ತರ ಸಿಗುತ್ತದೆ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವಷ್ಟು ದೊಡ್ಡ ವಿಷಯ ಇದಲ್ಲ. ಹಾಗೆಂದು ಮರೆತುಬಿಡುವಷ್ಟು ಸಣ್ಣದೂ ಅಲ್ಲ. ಎರಡೇ ಜೊತೆ ಬಟ್ಟೆಯೊಂದಿಗೆ ಊರು ಬಿಟ್ಟು ಬಂದ ಹುಡುಗನಿಗೆ ಒಂದು ಜೊತೆ ಹೋಯಿತೆಂದರೆ ಮರುದಿನ ತರಗತಿಗೆ ಹೋಗುವುದೇ ಕಷ್ಟವಾಗುತ್ತದೆ.

ಈ ಸಮಸ್ಯೆ ಹಾಸ್ಟೆಲುಗಳಿಗಿಂತ ಬಹಳ ಹಳೆಯದು. ಪೆಟ್ಟಿಗೆಯೊಳಗಿನ ಬಟ್ಟೆಯನ್ನು ಕಾಯಲು ಒಂದು ಬೀಗ ಸಾಕು. ಆದರೆ ಬಟ್ಟೆಯನ್ನು ಸದಾ ಪೆಟ್ಟಿಗೆಯಲ್ಲಿ ಇಡಲಾಗದು. ಅದನ್ನು ಕಳಚಬೇಕು, ಒಗೆಯಬೇಕು, ಬಿಸಿಲಿಗೆ ಹಾಕಬೇಕು. ನಾಲ್ಕು ಜನ ಓಡಾಡುವ ಜಾಗದಲ್ಲಿ ಒಡೆಯನ ಕಣ್ಣು ತಪ್ಪಿ ಇರಬೇಕಾದ ಸೊತ್ತು ಅದು. ಇಂತಹ ಸೊತ್ತನ್ನು ಉಳಿಸಿಕೊಳ್ಳಲು ಮನುಷ್ಯ ಕಾವಲುಗಾರನನ್ನು ನಂಬಿದ್ದಾನೆ, ದೇವರನ್ನು ನಂಬಿದ್ದಾನೆ, ನೇಣುಗಂಬವನ್ನೂ ನಂಬಿದ್ದಾನೆ. ಕೊನೆಗೆ ಹೆಚ್ಚು ಕೆಲಸಕ್ಕೆ ಬಂದದ್ದು ಮಾತ್ರ ಬಟ್ಟೆಯ ಒಳಮಗ್ಗುಲಿನ ಒಂದು ಚಿಕ್ಕ ಗುರುತು.

ದೇವಿಗೆ ಸಲ್ಲಿಸಿದ ದೂರು

ಪ್ರಾಚೀನ ರೋಮನ್ನರ ಊರುಗಳಲ್ಲಿ ಸಾರ್ವಜನಿಕ ಸ್ನಾನಗೃಹಗಳು ದೈನಂದಿನ ಬದುಕಿನ ಭಾಗವಾಗಿದ್ದವು. ಸ್ನಾನಕ್ಕೆ ಬಂದವರು ಬಟ್ಟೆ ಕಳಚಿ ಗೋಡೆಯ ಗೂಡುಗಳಲ್ಲಿ ಇಡುತ್ತಿದ್ದರು. ಅಂತಹ ಗೂಡುಗಳನ್ನು ಇಟಲಿಯ ಪಾಂಪೆಯಲ್ಲಿ ಇಂದಿಗೂ ನೋಡಬಹುದು. ಬಟ್ಟೆ ಕಾಯಲೆಂದೇ ‘ಕಾಪ್ಸಾರಿಯಸ್’ ಎಂಬ ಆಳು ಇರುತ್ತಿದ್ದ. ಕ್ರಿ.ಶ. 301ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಹೊರಡಿಸಿದ ಬೆಲೆ ನಿಯಂತ್ರಣ ಆಜ್ಞೆಯಲ್ಲಿ ಈತನ ಕೂಲಿಯೂ ನಮೂದಾಗಿದೆ: ಸ್ನಾನಕ್ಕೆ ಬಂದ ಒಬ್ಬೊಬ್ಬರಿಗೆ 2 ದಿನಾರಿ. ಆದರೆ ಕಾಯುವವನನ್ನು ಕಾಯುವವರು ಯಾರು? ಕಾವಲುಗಾರರೇ ಕಳ್ಳರೊಂದಿಗೆ ಕೈಜೋಡಿಸುತ್ತಿದ್ದುದರಿಂದ ಅವರ ಮೇಲಿನ ದೂರುಗಳ ವಿಚಾರಣೆಗೂ ಅಧಿಕಾರಿಯನ್ನು ಗೊತ್ತುಮಾಡಬೇಕಾಯಿತು. 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಸಂಗ್ರಹಿಸಿದ ರೋಮನ್ ಕಾನೂನಿನಲ್ಲಿ ‘ಸ್ನಾನಗೃಹದ ಕಳ್ಳರು’ ಎಂಬ ಪ್ರತ್ಯೇಕ ಅಧ್ಯಾಯವೇ ಇದೆ.

ಕಾವಲಿನಿಂದ ಫಲ ಕಾಣದವರು ದೇವರ ಮೊರೆಹೊಕ್ಕರು. ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಬಿಸಿನೀರಿನ ಬುಗ್ಗೆಯೊಂದಿದೆ. ರೋಮನ್ನರ ಆಳ್ವಿಕೆಯಲ್ಲಿ ಅಲ್ಲಿ ಸುಲಿಸ್ ಮಿನರ್ವಾ ದೇವಿಯ ಗುಡಿಯೂ ಸ್ನಾನಗೃಹಗಳೂ ಇದ್ದವು. 1979-80ರಲ್ಲಿ ಆ ಬುಗ್ಗೆಯ ತಳವನ್ನು ಅಗೆದಾಗ ಸೀಸ, ತವರಗಳ ತೆಳು ತಗಡುಗಳು ಸಿಕ್ಕವು. ಒಟ್ಟು ಸುಮಾರು 130 ತಗಡುಗಳು. ಅವುಗಳ ಮೇಲೆ ಮೊಳೆಯಿಂದ ಕೊರೆದಂತೆ ಬರೆದಿದ್ದುದು ಹೆಚ್ಚಾಗಿ ಕಳವಿನ ದೂರುಗಳು! ಡೋಸಿಲಿಯಾನಸ್ ಎಂಬಾತ ತನ್ನ ಕುಲಾವಿ ಇರುವ ನಿಲುವಂಗಿಯನ್ನು ಕಳೆದುಕೊಂಡಿದ್ದ. ಸೊಲಿನಸ್ ಎಂಬಾತನದು ಸ್ನಾನದ ಅಂಗಿ ಮತ್ತು ಮೇಲುಹೊದಿಕೆ. ಕದ್ದವರು ಗಂಡಾಗಿರಲಿ ಹೆಣ್ಣಾಗಿರಲಿ, ಆಳಾಗಿರಲಿ ಅರಸನಾಗಿರಲಿ, ಬಟ್ಟೆಯನ್ನು ಗುಡಿಗೆ ತಂದೊಪ್ಪಿಸುವ ತನಕ ಅವರಿಗೆ ನಿದ್ರೆ ಹತ್ತದಿರಲಿ, ಮಕ್ಕಳಾಗದಿರಲಿ ಎಂಬ ಧಾಟಿಯ ಶಾಪಗಳು ಅಲ್ಲಿವೆ.

ಇಂದು ಓದುವಾಗ ನಗೆ ಬರಬಹುದು. ಆದರೆ ಆ ಶಾಪದ ಹಿಂದಿನ ಅಸಹಾಯಕತೆಯನ್ನು ಗಮನಿಸಬೇಕು. ಕದ್ದವರು ಯಾರೆಂದು ಗೊತ್ತಿಲ್ಲ; ಹಿಡಿದರೂ ಆ ಬಟ್ಟೆ ತನ್ನದೇ ಎಂದು ತೋರಿಸುವ ದಾರಿ ಇಲ್ಲ. ಹಾಗಾಗಿ ಎಲ್ಲವನ್ನೂ ಕಾಣಬಲ್ಲ ದೇವಿಯೇ ಸಾಕ್ಷಿಯಾಗಬೇಕಾಯಿತು.

ನೇಣಿಗೂ ಹೆದರದ ಕಳ್ಳ

ಬಟ್ಟೆಗಾಗಿ ಇಷ್ಟೇಕೆ ರಂಪ ಎಂದು ಕೇಳಬಹುದು. ಗಿರಣಿಗಳು ಬರುವ ಮುನ್ನ ನೂಲು, ನೇಯ್ಗೆ ಎಲ್ಲವೂ ಕೈಕೆಲಸ. ಒಬ್ಬ ನೇಕಾರನ ಮಗ್ಗಕ್ಕೆ ನೂಲು ಒದಗಿಸಲು ಹಲವು ಮಂದಿ ನೂಲುವವರು ದುಡಿಯಬೇಕಿತ್ತು. ಆದ್ದರಿಂದ ಬಡವನ ಮನೆಯಲ್ಲಿ ಬೆಲೆಬಾಳುವ ವಸ್ತು ಎಂದರೆ ಬಟ್ಟೆಯೇ. 18ನೇ ಶತಮಾನದ ಲಂಡನ್ನಿನಲ್ಲಿ ಹಳೆಬಟ್ಟೆಯ ವ್ಯಾಪಾರ ಭರದಿಂದ ನಡೆಯುತ್ತಿತ್ತು. ಕದ್ದ ಅಂಗಿಯನ್ನು ಅಂದೇ ಮಾರಬಹುದಿತ್ತು ಅಥವಾ ಗಿರವಿ ಇಡಬಹುದಿತ್ತು. ಒಣಹಾಕಿದ ಬಟ್ಟೆಯ ಕಳವು ಎಷ್ಟು ಸಾಮಾನ್ಯವಾಗಿತ್ತೆಂದರೆ, ಷೇಕ್ಸ್‌ಪಿಯರ್ ತನ್ನ ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಬೇಲಿಯ ಮೇಲೆ ಹರವಿದ ಬಟ್ಟೆ ಎಗರಿಸುವ ಆಟೊಲಿಕಸ್ ಎಂಬ ಪಾತ್ರವನ್ನೇ ಸೃಷ್ಟಿಸಿದ.

ಇಂಗ್ಲೆಂಡಿನ ಕಾನೂನು ಇದಕ್ಕೆ ಕಠಿಣ ಮದ್ದು ಹುಡುಕಿತು. ಕದ್ದ ಮಾಲಿನ ಬೆಲೆ 12 ಪೆನ್ನಿಗಿಂತ ಹೆಚ್ಚಾದರೆ ಅದು ‘ದೊಡ್ಡ ಕಳವು’. ಕಾನೂನಿನ ಪುಸ್ತಕದ ಪ್ರಕಾರ ಅದಕ್ಕೆ ಮರಣದಂಡನೆಯವರೆಗೂ ಶಿಕ್ಷೆಯಾಗಬಹುದಿತ್ತು. ಹೊಸ ಬಟ್ಟೆಯನ್ನು ಬಿಳುಪು ಮಾಡಲು ಬಯಲಿನಲ್ಲಿ ವಾರಗಟ್ಟಲೆ ಬಿಸಿಲಿಗೆ ಹಾಸುತ್ತಿದ್ದರು. ಅಂತಹ ಬಯಲಿನಿಂದ ಬಟ್ಟೆ ಕದ್ದವರಿಗೂ ನೇಣು ವಿಧಿಸುವ ಕಾಯ್ದೆ ಬಂತು.

ಫಲ ಮಾತ್ರ ತಿರುಗುಮುರುಗಾಯಿತು. ಒಂದು ಅಂಗಿಗಾಗಿ ಒಂದು ಜೀವ ತೆಗೆಯಲು ಪಂಚಾಯತರ ಮನಸ್ಸು ಒಪ್ಪಲಿಲ್ಲ. ಬೆಲೆಬಾಳುವ ಬಟ್ಟೆಗೂ 10 ಪೆನ್ನಿ ಎಂದು ಬೆಲೆಕಟ್ಟಿ ಆರೋಪಿಯ ಜೀವ ಉಳಿಸುತ್ತಿದ್ದರು. ಕೆಲವೊಮ್ಮೆ ಸಾಕ್ಷ್ಯವಿದ್ದರೂ ಬಿಟ್ಟುಬಿಡುತ್ತಿದ್ದರು. ಬಟ್ಟೆ ಬಿಳುಪು ಮಾಡುವ ಉದ್ಯಮಿಗಳೇ ಕೊನೆಗೆ ಸಂಸತ್ತಿಗೆ ಮನವಿ ಸಲ್ಲಿಸಿ, ನೇಣಿನ ಭಯಕ್ಕೆ ಯಾರೂ ಶಿಕ್ಷೆ ಕೊಡುತ್ತಿಲ್ಲವಾದ್ದರಿಂದ ಶಿಕ್ಷೆಯನ್ನು ಇಳಿಸಬೇಕೆಂದು ಕೇಳಿಕೊಂಡರು. ಕಾನೂನು ಸುಧಾರಕ ಸ್ಯಾಮ್ಯುಯೆಲ್ ರೋಮಿಲಿ ಅವರ ಪ್ರಯತ್ನದಿಂದ 1811ರಲ್ಲಿ ಆ ಮರಣದಂಡನೆ ರದ್ದಾಯಿತು. ದೊಡ್ಡ ಕಳವು, ಸಣ್ಣ ಕಳವು ಎಂಬ ಭೇದವೂ 1827ರಲ್ಲಿ ಹೋಯಿತು.

ಸೂಜಿ, ದಾರ ಮತ್ತು ರಿಬ್ಬನ್ನು

ಕಾನೂನು ಸೋತ ಕಡೆ ಸೂಜಿ ದಾರ ಗೆದ್ದಿತು. ಯುರೋಪಿನ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕಸೂತಿ ಕಲಿಸುವಾಗ ಮೊದಲು ಹೊಲಿಸುತ್ತಿದ್ದುದು ಹೂಬಳ್ಳಿಯನ್ನಲ್ಲ. ಅಕ್ಷರ ಮತ್ತು ಅಂಕಿಗಳನ್ನು. ಮನೆಯ ಹೊದಿಕೆ, ಅಂಗಿ, ಕರವಸ್ತ್ರಗಳ ಮೂಲೆಯಲ್ಲಿ ಹೆಸರಿನ ಮೊದಲಕ್ಷರ ಮತ್ತು ಕ್ರಮಸಂಖ್ಯೆ ಹಾಕುವುದು ಅದರ ಉದ್ದೇಶ. ಒಗೆತಕ್ಕೆ ಹೋದ ಬಟ್ಟೆ ಲೆಕ್ಕದ ಪ್ರಕಾರ ಮರಳಿತೇ ಎಂದು ನೋಡಲು ಅದು ನೆರವಾಗುತ್ತಿತ್ತು.

ನೂರಾರು ಮಕ್ಕಳು ಒಂದೇ ಬಣ್ಣದ ಸಮವಸ್ತ್ರ ತೊಡುವ ವಸತಿ ಶಾಲೆಗಳು ಬೆಳೆದಾಗ ಇದೇ ಕೆಲಸ ಉದ್ಯಮವಾಯಿತು. ಇಂಗ್ಲೆಂಡಿನ ಕವೆಂಟ್ರಿ ಪಟ್ಟಣ ರೇಷ್ಮೆ ರಿಬ್ಬನ್ನಿಗೆ ಹೆಸರಾಗಿತ್ತು. 1860ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ವ್ಯಾಪಾರ ಒಪ್ಪಂದವಾಗಿ ಫ್ರೆಂಚ್ ರಿಬ್ಬನ್ನು ಸುಂಕವಿಲ್ಲದೆ ಒಳಬಂದಾಗ ಅಲ್ಲಿನ ನೇಕಾರರ ಬದುಕು ಕುಸಿಯಿತು. 1846ರಲ್ಲಿ ಆರಂಭವಾಗಿದ್ದ ಜೆ. ಅಂಡ್ ಜೆ. ಕ್ಯಾಶ್ ಸಂಸ್ಥೆ ಮಾತ್ರ ಹೊಸ ದಾರಿ ಹುಡುಕಿತು. ಕಿರಿದಾದ ಪಟ್ಟಿಯಲ್ಲಿ ಗಿರಾಕಿಯ ಹೆಸರನ್ನೇ ನೇಯ್ದು ಮಾರತೊಡಗಿತು. ಮಗುವನ್ನು ವಸತಿ ಶಾಲೆಗೆ ಕಳಿಸುವ ಮುನ್ನ ತಾಯಿ ಕುಳಿತು ಒಂದೊಂದು ಕಾಲುಚೀಲಕ್ಕೂ ಈ ಪಟ್ಟಿ ಹೊಲಿಯುವುದು ಇಂಗ್ಲಿಷ್ ಮನೆಗಳ ರೂಢಿಯೇ ಆಯಿತು.

ಮಡಿವಾಳರ ಲಿಪಿ

ಭಾರತದಲ್ಲಿ ಈ ವಿದ್ಯೆಗೆ ಬೇರೆಯದೇ ಆದ ಪರಂಪರೆಯಿದೆ. ಹತ್ತಾರು ಮನೆಗಳ ಬಟ್ಟೆಯನ್ನು ಒಂದೇ ಮೂಟೆಯಲ್ಲಿ ಹೊತ್ತು ಹಳ್ಳಕ್ಕೆ ಒಯ್ಯುವ ಮಡಿವಾಳರು ಯಾರ ಬಟ್ಟೆ ಯಾರದೆಂದು ತಪ್ಪದೆ ಮರಳಿಸುತ್ತಿದ್ದರು. ಅವರ ಸಾಧನ ಕೇರು ಬೀಜ. ಸಂಸ್ಕೃತದಲ್ಲಿ ಇದು ಭಲ್ಲಾತಕ. ಗೋಡಂಬಿಯ ಹತ್ತಿರದ ಸಂಬಂಧಿಯಾದ ಈ ಮರದ ಕಾಯಿಯ ಸಿಪ್ಪೆಯಲ್ಲಿ ಕಪ್ಪು ಎಣ್ಣೆಯಿರುತ್ತದೆ. ಅದನ್ನು ಕಡ್ಡಿಯ ತುದಿಯಿಂದ ಬಟ್ಟೆಗೆ ಮುಟ್ಟಿಸಿ ಸುಣ್ಣ ತಾಗಿಸಿದರೆ ಕಲೆ ಅಚ್ಚೊತ್ತಿದಂತೆ ನಿಲ್ಲುತ್ತದೆ. ಕಲ್ಲಿಗೆ ಎಷ್ಟು ಬಡಿದರೂ ಹೋಗದು. ಇಂಗ್ಲಿಷರು ಈ ಬೀಜಕ್ಕೆ ‘ಗುರುತಿನ ಬೀಜ’ ಎಂಬರ್ಥದ ಹೆಸರನ್ನೇ ಕೊಟ್ಟರು.

ಒಂದು ಮನೆಗೆ ಎರಡು ಚುಕ್ಕೆ, ಇನ್ನೊಂದಕ್ಕೆ ಚುಕ್ಕೆಯ ಜೊತೆ ಗೀಟು, ಮತ್ತೊಂದಕ್ಕೆ ಕತ್ತರಿ ಗುರುತು. ಅಕ್ಷರ ಬಾರದವರೂ ಬರೆದು ಓದಬಲ್ಲ ಲಿಪಿ ಇದು. ಆ ಎಣ್ಣೆಗೆ ಚರ್ಮ ಸುಡುವ ಗುಣವೂ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದ ಅಮೆರಿಕನ್ ಸೈನಿಕರಿಗೆ ಕುತ್ತಿಗೆಯ ಹಿಂದೆ ಬೊಬ್ಬೆ ಏಳುತ್ತಿತ್ತು. ವೈದ್ಯರು ಹುಡುಕಿದಾಗ ಸಿಕ್ಕ ಕಾರಣ, ಕಾಲರಿನ ಒಳಗಿದ್ದ ಧೋಬಿ ಗುರುತು.

ಇಂತಹ ಗುರುತು ದೇಶದ ಇತಿಹಾಸದ ಒಂದು ಕರಾಳ ಅಧ್ಯಾಯದಲ್ಲೂ ಕಾಣಿಸಿಕೊಂಡಿದೆ. 1948ರ ಜನವರಿ 20ರಂದು ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯವರ ಪ್ರಾರ್ಥನಾ ಸಭೆಯ ವೇಳೆ ಬಾಂಬ್ ಸಿಡಿಯಿತು. ಅನಂತರ ಮರೀನಾ ಹೋಟೆಲಿನ ಕೋಣೆಯನ್ನು ಶೋಧಿಸಿದಾಗ ‘ಎನ್.ವಿ.ಜಿ.’ ಎಂಬ ಒಗೆತದ ಗುರುತಿದ್ದ ಬಟ್ಟೆಗಳು ಪೊಲೀಸರಿಗೆ ಸಿಕ್ಕವು. ನಾಥೂರಾಮ್ ವಿನಾಯಕ ಗೋಡ್ಸೆಯ ಹೆಸರಿನ ಮೊದಲಕ್ಷರಗಳವು. ಆದರೆ ಆ ಎಳೆಯನ್ನು ಹಿಡಿದು ಆತನನ್ನು ಸಕಾಲದಲ್ಲಿ ತಲುಪುವ ಕೆಲಸ ಆಗಲಿಲ್ಲ. ಹತ್ತೇ ದಿನಗಳಲ್ಲಿ ಹತ್ಯೆ ನಡೆದುಹೋಯಿತು. ಗುರುತು ಇದ್ದರೆ ಸಾಲದು, ಅದನ್ನು ಓದುವವರೂ ಬೇಕು ಎಂಬುದಕ್ಕೆ ಇದಕ್ಕಿಂತ ದುಬಾರಿ ಪಾಠ ಇರಲಾರದು.

ಮೈಸೂರಿನ ನಂಟು

ಕೇರು ಬೀಜ ಸಿಗದ ಯುರೋಪಿನಲ್ಲಿ 19ನೇ ಶತಮಾನದ ಹೊತ್ತಿಗೆ ಬೇರೊಂದು ಮಸಿ ಬಳಕೆಗೆ ಬಂದಿತ್ತು. ಅದರ ಜೀವಾಳ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣ. ಬಟ್ಟೆಯ ಮೇಲೆ ಬರೆದು ಬಿಸಿಲಿಗೆ ಹಿಡಿದರೆ ಅಥವಾ ಇಸ್ತ್ರಿ ಉಜ್ಜಿದರೆ ಕಪ್ಪಾಗಿ ಎಳೆಯೊಳಗೇ ನಿಲ್ಲುತ್ತದೆ. ಆಸ್ಪತ್ರೆ, ಶಾಲೆ, ಹೋಟೆಲುಗಳ ಬಟ್ಟೆಗಳಿಗೆ ಈ ಮಸಿಯೇ ಕಾವಲಾಯಿತು.

ಇದೇ ಲವಣ ಕನ್ನಡಿಗರಿಗೆ ಇನ್ನೊಂದು ರೂಪದಲ್ಲಿ ಚಿರಪರಿಚಿತ. ಮತ ಹಾಕಿದವರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯಲ್ಲಿ ಕಪ್ಪಾಗುವುದು ಅದೇ ಸಿಲ್ವರ್ ನೈಟ್ರೇಟ್. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಸ್ಥಾಪನೆಯಾಗಿ, ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿರುವ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಈ ಶಾಯಿಯನ್ನು ಒದಗಿಸುತ್ತಿದೆ. ಅಂಗಿ ಬದಲಾಗದಂತೆ ಕಾಯ್ದ ಲವಣವೇ ಒಬ್ಬರು ಎರಡು ಮತ ಹಾಕದಂತೆಯೂ ಕಾಯುತ್ತಿದೆ.

ಎರಡು ಜೊತೆ ಬಟ್ಟೆಯ ವಿದ್ಯಾರ್ಥಿ

ಗುರುತಿನ ಅಗತ್ಯ ಹೆಚ್ಚಿದ್ದು ಬಡವರ ಮಕ್ಕಳು ಓದಲು ಊರು ಬಿಟ್ಟಾಗ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ 1897ರಲ್ಲಿ ದಲಿತೋದ್ಧಾರ ಸಂಸ್ಥೆ ಕಟ್ಟಿ ಶಾಲೆ, ವಿದ್ಯಾರ್ಥಿನಿಲಯಗಳನ್ನು ನಡೆಸಿದರು. ಕೊಲ್ಲಾಪುರದ ಶಾಹು ಮಹಾರಾಜರು 1901ರಿಂದ ಒಂದೊಂದೇ ಸಮುದಾಯಕ್ಕೆ ವಸತಿನಿಲಯ ತೆರೆಯುತ್ತ ಹೋದರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಚಿತ ಊಟ, ವಸತಿ ಪಡೆದು ಓದಿದರು. 1970ರ ದಶಕದಲ್ಲಿ ದೇವರಾಜ ಅರಸು ಅವರ ಆಡಳಿತದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಹೆಚ್ಚಿದವು. ಹೀಗೆ ಬಂದ ಮಕ್ಕಳ ಆಸ್ತಿ ಒಂದು ತಗಡಿನ ಟ್ರಂಕು, ಒಂದು ಚಾಪೆ, ಲೆಕ್ಕದ ಬಟ್ಟೆ. ಟ್ರಂಕಿಗೆ ಬೀಗವಿತ್ತು, ಹಗ್ಗಕ್ಕೆ ಇರಲಿಲ್ಲ. ಕಾಲರಿನ ಒಳಗೆ ಬಣ್ಣದ ದಾರದಲ್ಲಿ ಹೊಲಿದ ಕೋಣೆಯ ನಂಬರು ಅಲ್ಲಿ ಬೀಗದ ಕೆಲಸ ಮಾಡುತ್ತಿತ್ತು.

ಹಾಸ್ಟೆಲಿನಲ್ಲಿ ಕಾಣೆಯಾಗುವ ಬಟ್ಟೆಗಳೆಲ್ಲ ಕಳ್ಳತನವೂ ಅಲ್ಲ. ಕೆಲವು ಅದಲುಬದಲಾಗುತ್ತವೆ. ಕೆಲವನ್ನು ‘ಒಂದು ದಿನದ ಮಟ್ಟಿಗೆ’ ತೊಟ್ಟವರು ಮರಳಿಸುವುದಿಲ್ಲ. ಉಳಿದವು ನಿಜವಾದ ಕಳವು. ಈ ಮೂರಕ್ಕೂ ರಕ್ಷಣೆ ಕೊಡುವ ಮಾತು ಒಂದೇ: ‘ನನ್ನದೇ ಎಂದುಕೊಂಡೆ’. ಗುರುತು ಕಿತ್ತುಕೊಳ್ಳುವುದು ಆ ನೆಪವನ್ನು. ಒಳಮಗ್ಗುಲಿನಲ್ಲಿ ಬೇರೆಯವರ ನಂಬರು ಇರುವ ಅಂಗಿಯನ್ನು ಅದೇ ಕಟ್ಟಡದಲ್ಲಿ ನಾಲ್ಕು ಜನರೆದುರು ತೊಡುವುದು ಸುಲಭವಲ್ಲ.

ಹೀಗಾಗಿ ಅನುಭವಿಗಳು ಕಲಿತ ಕ್ರಮ ಇಂದಿಗೂ ಸಲ್ಲುತ್ತದೆ. ಅಳಿಸದ ಮಸಿಯಿಂದಾಗಲಿ, ಎದ್ದುಕಾಣುವ ದಾರದಿಂದಾಗಲಿ ಕಾಲರು, ಸೊಂಟಪಟ್ಟಿ, ಟವೆಲಿನ ಅಂಚುಗಳಲ್ಲಿ ಗುರುತು ಹಾಕುವುದು. ಕತ್ತರಿಸಿ ತೆಗೆದರೂ ಇನ್ನೊಂದು ಉಳಿಯಲೆಂದು ಎರಡು ಕಡೆ ಹಾಕುವುದು. ಕೋಣೆಯವರೆಲ್ಲ ಒಂದೇ ಹೊತ್ತಿಗೆ ಒಗೆದು ಸರದಿಯಲ್ಲಿ ಕಾಯುವುದು. ಕತ್ತಲಾಗುವ ಮುನ್ನ ಬಟ್ಟೆ ತೆಗೆಯುವುದು. ಬೆಲೆಬಾಳುವುದನ್ನು ಕೋಣೆಯೊಳಗೇ ಒಣಗಿಸುವುದು. ಒಗೆಯುವ ಯಂತ್ರ ಬಂದಿರುವ ಹಾಸ್ಟೆಲುಗಳಲ್ಲಿ ಅದು ನಿಲ್ಲುವ ಹೊತ್ತಿಗೆ ಹತ್ತಿರವಿರುವುದೂ ಈ ಪಟ್ಟಿಗೆ ಸೇರಿದೆ.

ಶಿಕ್ಷೆಯ ವಿಷಯದಲ್ಲೂ ಕಾನೂನು ಬಹುದೂರ ಬಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಮೊದಲ ಬಾರಿ ತಪ್ಪಿತಸ್ಥನಾದವನು ಅದನ್ನು ಅಥವಾ ಅದರ ಬೆಲೆಯನ್ನು ಮರಳಿಸಿದರೆ ಸಮುದಾಯ ಸೇವೆಯ ಶಿಕ್ಷೆ ಎಂದಿದೆ. ವಸ್ತು ಮರಳಬೇಕಾದರೆ ಅದು ಯಾರದೆಂದು ಮೊದಲು ಗೊತ್ತಾಗಬೇಕು. ಹೊಸ ವರ್ಷದ ಪ್ರವೇಶ ಮುಗಿದು ಮಕ್ಕಳನ್ನು ಹಾಸ್ಟೆಲಿಗೆ ಕಳಿಸುವ ತಂದೆತಾಯಿಗಳು ಟ್ರಂಕಿಗೆ ಗಟ್ಟಿ ಬೀಗ ಕೊಳ್ಳುವುದನ್ನು ಮರೆಯುವುದಿಲ್ಲ. ಹತ್ತು ರೂಪಾಯಿಯ ದಾರದ ಉಂಡೆಯನ್ನೂ ಒಂದು ಸೂಜಿಯನ್ನೂ ಅದರ ಜೊತೆಗೆ ಇಡುವುದು ಒಳ್ಳೆಯದು.